ಹದಿನೈದು ಗಣಕಗಳು, ಒಂದು ಆದೇಶ

(ಕನ್ನಡ ಮಾಧ್ಯಮ ಪ್ರೌಢಶಾಲಾ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಂಬಳೆಯಿಂದ ಮಂಜೇಶ್ವರದವರೆಗಿನ ಯಾವುದಾದರೊಂದು ಪ್ರೌಢಶಾಲೆಯ ಗಣಕ ಪ್ರಯೋಗಾಲಯವನ್ನು ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಕಲ್ಪಿಸಿಕೊಳ್ಳಬಹುದು. ಕೊನೆಯ ಗಂಟೆ ಬಾರಿಸಿದೆ. ಮಕ್ಕಳು ಚೀಲಗಳನ್ನು ಹೆಗಲಿಗೇರಿಸಿ ಬಸ್ಸಿನತ್ತ ಓಡಿದ್ದಾರೆ. ಹದಿನೈದು ಗಣಕಗಳಲ್ಲಿ ನಾಲ್ಕೈದು ಮಾತ್ರ ಕ್ರಮವಾಗಿ ಸ್ಥಗಿತಗೊಂಡಿವೆ. ಉಳಿದವುಗಳ ಪರದೆಯ ಮೇಲೆ ಅರ್ಧ ಬರೆದ ಚಿತ್ರ, ಮುಗಿಯದ ಕೋಷ್ಟಕ, ಹೆಸರಿಡದ ಕಡತ ಹಾಗೆಯೇ ಇವೆ. ಹೊಣೆ ಹೊತ್ತ ಅಧ್ಯಾಪಕಿ ಒಂದೊಂದು ಯಂತ್ರದ ಮುಂದೆಯೂ ಬಾಗಿ ನಿಂತು, ಅದನ್ನು ಮುಚ್ಚಿ, ಮುಂದಿನದಕ್ಕೆ ಸಾಗಬೇಕು. ಅವರಿಗೂ ಬಸ್ಸು ಹಿಡಿಯುವ ಅವಸರವಿದೆ. ತಾಳ್ಮೆ ಕೆಟ್ಟ ದಿನ ಕೈ ತಾನಾಗಿಯೇ ಗೋಡೆಯ ಮೇಲಿನ ಮುಖ್ಯ ಸ್ವಿಚ್ಚಿನತ್ತ ಹೋಗುತ್ತದೆ.

ಹಾಗೆ ವಿದ್ಯುತ್ತನ್ನು ಕಡಿದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯುವುದು ಲೇಸು. ಗಣಕವು ಬರೆಯಬೇಕಾದುದೆಲ್ಲವನ್ನೂ ಆ ಕ್ಷಣವೇ ಡಿಸ್ಕಿಗೆ ಬರೆಯುವುದಿಲ್ಲ. ಕೆಲವನ್ನು ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡು, ಅನುಕೂಲ ನೋಡಿ ಒಟ್ಟಾಗಿ ಬರೆಯುತ್ತದೆ. ಕ್ರಮಬದ್ಧವಾಗಿ ಸ್ಥಗಿತಗೊಳಿಸುವುದೆಂದರೆ, ತೆರೆದಿರುವ ತಂತ್ರಾಂಶಗಳಿಗೆಲ್ಲ ಮುಗಿಸಿರೆಂದು ಹೇಳಿ, ಬಾಕಿ ಉಳಿದ ಬರೆಹವನ್ನು ಡಿಸ್ಕಿಗೆ ಇಳಿಸಿ, ಆಮೇಲೆ ವಿದ್ಯುತ್ತನ್ನು ಬಿಡುವುದು. ಲಿನಕ್ಸಿನಲ್ಲಿ ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಇ.ಎಕ್ಸ್.ಟಿ.4 ಎಂಬ ಕಡತವ್ಯವಸ್ಥೆ ತನ್ನ ಕೆಲಸಗಳ ದಿನಚರಿಯೊಂದನ್ನು ಇಟ್ಟುಕೊಳ್ಳುವುದರಿಂದ, ಹಠಾತ್ತನೆ ವಿದ್ಯುತ್ ಹೋದರೂ ಬಹುತೇಕ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಆ ದಿನಚರಿ ಕಾಪಾಡುವುದು ಕಡತಗಳ ವ್ಯವಸ್ಥೆಯನ್ನು, ಮಗುವಿನ ಚಿತ್ರವನ್ನಲ್ಲ. ಉಳಿಸದೆ ಬಿಟ್ಟದ್ದು ಹೋಯಿತೆಂದೇ ಲೆಕ್ಕ.

ಈ ತೊಂದರೆಗೆ ಪರಿಹಾರ ಹಳೆಯದೇ. ಅಧ್ಯಾಪಕರ ಗಣಕದಲ್ಲಿ ಕುಳಿತು, ಜಾಲದ ಮೂಲಕ ಉಳಿದ ಗಣಕಗಳಿಗೆಲ್ಲ ಸ್ಥಗಿತಗೊಳ್ಳುವ ಆದೇಶವನ್ನು ಕಳುಹಿಸುವ ಪುಟ್ಟ ಸ್ಕ್ರಿಪ್ಟ್. ಸ್ಕ್ರಿಪ್ಟ್ ಎಂದರೆ ಬೇರೇನೂ ಅಲ್ಲ. ಕೀಲಿಮಣೆಯ ಮುಂದೆ ಕುಳಿತವರು ಒಂದರ ನಂತರ ಒಂದರಂತೆ ಟೈಪ್ ಮಾಡಬಹುದಾದ ಆದೇಶಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟದ್ದು. ಹತ್ತು ಹದಿನೈದು ಸಾಲಿಗಿಂತ ಹೆಚ್ಚಿರಬೇಕಾಗಿಲ್ಲ. ಕೇರಳದ ಶಾಲೆಗಳಲ್ಲಿ ಇದಕ್ಕೆ ಅನುಕೂಲವೂ ಉಂಟು. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿ ರೂಪುಗೊಂಡಿತು. ಶಾಲೆಗಳಿಗೆ ಅದು ನೀಡುವ ಗ್ನೂ/ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಉಬುಂಟುವನ್ನು ಆಧರಿಸಿದೆ. ಬೇಕಾದ ಉಪಕರಣಗಳೆಲ್ಲ ಸ್ವತಂತ್ರ ತಂತ್ರಾಂಶಗಳೇ ಆದ್ದರಿಂದ ಯಾರಿಂದಲೂ ಏನನ್ನೂ ಕೊಳ್ಳಬೇಕಾಗಿಲ್ಲ.

ದೂರದ ಗಣಕಕ್ಕೆ ಆದೇಶ ಕೊಡುವ ದಾರಿಯ ಹೆಸರು ಎಸ್.ಎಸ್.ಎಚ್. ಇದರ ಹುಟ್ಟಿನ ಕಥೆ ಕೇಳತಕ್ಕದ್ದು. ಅದಕ್ಕೂ ಹಿಂದೆ ಟೆಲ್‌ನೆಟ್ ಮೊದಲಾದ ಉಪಾಯಗಳಿದ್ದುವು. ಅವುಗಳಲ್ಲಿ ಗುಪ್ತಪದವು ಜಾಲದ ತಂತಿಯ ಮೇಲೆ ಪೋಸ್ಟ್‌ಕಾರ್ಡಿನ ಬರೆಹದಂತೆ ಬಯಲಾಗಿಯೇ ಸಾಗುತ್ತಿತ್ತು. ನಡುವೆ ಕಿವಿಯಿಟ್ಟು ಕುಳಿತವರು ಓದಿಕೊಳ್ಳಬಹುದಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಗುಪ್ತಪದಗಳನ್ನು ಕದ್ದ ಘಟನೆ ನಡೆದ ಮೇಲೆ, ಅಲ್ಲಿಯ ಸಂಶೋಧಕ ಟಾಟು ಯುಲೋನೆನ್ ಮಾತುಕತೆಯನ್ನೆಲ್ಲ ಸಂಕೇತಲಿಪಿಯಾಗಿ ಮಾರ್ಪಡಿಸಿ ಕಳುಹಿಸುವ ಎಸ್.ಎಸ್.ಎಚ್. ಅನ್ನು ರಚಿಸಿದರು. 1999ರಲ್ಲಿ ಓಪನ್‌ಬಿ.ಎಸ್.ಡಿ. ತಂಡದವರು ಅದರ ಮುಕ್ತ ರೂಪವನ್ನು ಹೊರತಂದರು. ಇಂದು ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ ಅದೇ. ಉಬುಂಟುವಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರತಿಯಲ್ಲಿ ಕರೆಯುವ ಭಾಗ ಮೊದಲೇ ಇರುತ್ತದೆ. ಕರೆಗೆ ಓಗೊಡುವ ಭಾಗವನ್ನು ಪ್ರತಿಯೊಂದು ಗಣಕದಲ್ಲಿಯೂ ಬೇರೆಯಾಗಿ ಅನುಸ್ಥಾಪಿಸಬೇಕು. ಅದೊಂದು ದಿನದ ಕೆಲಸ. ಅದನ್ನು ಒಮ್ಮೆ ಮಾಡಿದರೆ ಸಾಕು.

ಸ್ಕ್ರಿಪ್ಟಿನ ಒಳಗಿನ ನಡೆಯನ್ನು ಅಧ್ಯಾಪಕರಿಗೆ ವಿವರಿಸಲು ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಉಪಮಾನವಿಲ್ಲ. ಗಣಕಗಳ ಹೆಸರುಗಳನ್ನು ಒಂದು ಕಡತದಲ್ಲಿ ಸಾಲಿಗೊಂದರಂತೆ ಬರೆದಿಡುವುದು, ಇದು ಹಾಜರಿ ಪುಸ್ತಕ. ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಒಂದೊಂದನ್ನೇ ಎತ್ತಿಕೊಳ್ಳುವುದು, ಇದನ್ನು ಪಠ್ಯಪುಸ್ತಕಗಳು ಲೂಪ್ ಎನ್ನುತ್ತವೆ. ಹಾಜರಿ ಕರೆಯುವುದೆಂದರೂ ಸಲ್ಲುತ್ತದೆ. ಹೆಸರು ಕರೆದಾಗ ಆ ಗಣಕ ಇದ್ದೇನೆಂದು ಉತ್ತರಿಸುತ್ತದೆಯೋ ಎಂದು ನೋಡುವ ಪರೀಕ್ಷೆಗೆ ಪಿಂಗ್ ಎಂದು ಹೆಸರು. ಉತ್ತರ ಬಂದರೆ ಆದೇಶ. ಬಾರದಿದ್ದರೆ ಆ ಹೆಸರನ್ನು ಗೈರುಹಾಜರಿಯ ಪಟ್ಟಿಗೆ ಸೇರಿಸಿ ಮುಂದೆ ಹೋಗುವುದು. ಒಬ್ಬ ವಿದ್ಯಾರ್ಥಿ ಬಂದಿಲ್ಲವೆಂದು ಹಾಜರಿ ಕರೆಯುವುದನ್ನು ಅರ್ಧಕ್ಕೆ ನಿಲ್ಲಿಸುವ ಅಧ್ಯಾಪಕರಿಲ್ಲ. ಆದರೆ ಗಣಕಕ್ಕೆ ಆ ವಿವೇಕ ತಾನಾಗಿ ಬರುವುದಿಲ್ಲ. ಉತ್ತರಿಸದ ಯಂತ್ರಕ್ಕಾಗಿ ಎಷ್ಟು ಸೆಕೆಂಡು ಕಾಯಬೇಕೆಂಬುದನ್ನು ಎಸ್.ಎಸ್.ಎಚ್.ಗೆ ಸ್ಪಷ್ಟವಾಗಿ ಹೇಳಿಕೊಡಬೇಕು. ಇಲ್ಲವಾದರೆ ತಂತಿ ಕಳಚಿಹೋದ ಒಂದು ಗಣಕದ ಮುಂದೆ ಇಡೀ ಸ್ಕ್ರಿಪ್ಟ್ ಬಹಳ ಹೊತ್ತು ನಿಂತುಬಿಡುತ್ತದೆ.

ಇಲ್ಲಿ ಹೊಸಬರೆಲ್ಲರೂ ಬೀಳುವ ಒಂದು ಹಳ್ಳವನ್ನು ತೋರಿಸದೆ ಮುಂದೆ ಹೋಗಬಾರದು. ಪಟ್ಟಿಯಿಂದ ಒಂದೊಂದೇ ಸಾಲನ್ನು ಓದುತ್ತ, ಪ್ರತಿ ಸಾಲಿಗೂ ಎಸ್.ಎಸ್.ಎಚ್. ಅನ್ನು ಕರೆಯುವ ಸ್ಕ್ರಿಪ್ಟನ್ನು ಬರೆದು ಓಡಿಸಿದಾಗ, ಮೊದಲ ಗಣಕ ಮಾತ್ರ ಸ್ಥಗಿತಗೊಳ್ಳುತ್ತದೆ; ಉಳಿದ ಹದಿನಾಲ್ಕು ಹಾಗೆಯೇ ಇರುತ್ತವೆ. ಯಾವ ದೋಷಸಂದೇಶವೂ ಕಾಣುವುದಿಲ್ಲ. ಬರೆದವರು ಜಾಲವನ್ನು ಶಂಕಿಸುತ್ತಾರೆ, ತಂತಿಯನ್ನು ಶಂಕಿಸುತ್ತಾರೆ, ಕೊನೆಗೆ ತಮ್ಮನ್ನೇ ಶಂಕಿಸುತ್ತಾರೆ. ಕಾರಣ ಇಷ್ಟೇ: ಎಸ್.ಎಸ್.ಎಚ್. ತನಗೆ ಒದಗುವ ಒಳಬರುವ ಪಠ್ಯವನ್ನೆಲ್ಲ ದೂರದ ಗಣಕಕ್ಕೆ ದಾಟಿಸುವ ಸ್ವಭಾವದ್ದು. ಪಟ್ಟಿಯ ಉಳಿದ ಹದಿನಾಲ್ಕು ಸಾಲುಗಳನ್ನು ಅದು ತನಗಾಗಿ ಬಂದದ್ದೆಂದು ಭಾವಿಸಿ ನುಂಗಿಬಿಡುತ್ತದೆ. ಹಾಜರಿ ಪುಸ್ತಕವನ್ನು ಮೊದಲನೆಯ ವಿದ್ಯಾರ್ಥಿಯೇ ಎತ್ತಿಕೊಂಡು ಮನೆಗೆ ಹೋದಂತೆ! ಆದೇಶದೊಂದಿಗೆ ಅಡ್ಡಗೆರೆ ಮತ್ತು ಎನ್ ಎಂಬ ಚಿಕ್ಕಕ್ಷರವನ್ನು ಸೇರಿಸಿದರೆ ಒಳಬರುವ ಪಠ್ಯದತ್ತ ಅದು ತಿರುಗಿಯೂ ನೋಡುವುದಿಲ್ಲ. ಎರಡು ಅಕ್ಷರದ ಮದ್ದು.

ಹೆಸರುಗಳ ಪಟ್ಟಿಯ ಬಗೆಗೂ ಒಂದು ಮಾತು. ಬಹಳ ಮಂದಿ ಗಣಕಗಳ ಜಾಲವಿಳಾಸಗಳನ್ನು, ಅಂದರೆ ಚುಕ್ಕಿಗಳಿಂದ ಬೇರ್ಪಟ್ಟ ಆ ನಾಲ್ಕು ಸಂಖ್ಯೆಗಳನ್ನು, ಪಟ್ಟಿಯಲ್ಲಿ ಬರೆದಿಡುತ್ತಾರೆ. ಶಾಲೆಯ ರೌಟರ್ ಈ ವಿಳಾಸಗಳನ್ನು ತಾತ್ಕಾಲಿಕವಾಗಿ ಹಂಚುವಂಥದಾದರೆ, ಇಂದು ಏಳನೆಯ ಗಣಕಕ್ಕಿದ್ದ ವಿಳಾಸ ಮುಂದಿನ ವಾರ ಕಚೇರಿಯ ಗಣಕಕ್ಕೆ ಸಿಕ್ಕೀತು. ಸಂಜೆ ಪ್ರಯೋಗಾಲಯವನ್ನು ಮುಚ್ಚಲೆಂದು ಒತ್ತಿದ ಕೀಲಿ ಮುಖ್ಯೋಪಾಧ್ಯಾಯರು ಸಂಬಳದ ಬಿಲ್ಲು ತಯಾರಿಸುತ್ತಿರುವ ಯಂತ್ರವನ್ನು ಮುಚ್ಚೀತು. ಆದುದರಿಂದ ರೌಟರಿನಲ್ಲಿ ಪ್ರತಿಯೊಂದು ಗಣಕಕ್ಕೂ ವಿಳಾಸವನ್ನು ಕಾಯ್ದಿರಿಸುವುದು ಅಗತ್ಯ. ಪಟ್ಟಿಯಲ್ಲಿ ಅಧ್ಯಾಪಕರ ಸ್ವಂತ ಗಣಕ ಇರಕೂಡದು. ಕುಳಿತ ಕೊಂಬೆಯನ್ನು ಕಡಿದ ಗಾದೆಯ ಮನುಷ್ಯನಂತೆ, ಸ್ಕ್ರಿಪ್ಟ್ ತಾನು ಓಡುತ್ತಿರುವ ಯಂತ್ರವನ್ನೇ ಮೊದಲು ನಿಲ್ಲಿಸಿದರೆ ಉಳಿದವಕ್ಕೆ ಹೇಳುವವರಿಲ್ಲ.

ಇಷ್ಟಕ್ಕೆ ತಾಂತ್ರಿಕ ಭಾಗ ಮುಗಿಯಿತೆಂದು ತಿಳಿಯುವವರು ಉಂಟು. ಹಾಗೆ ತಿಳಿದವರ ಸ್ಕ್ರಿಪ್ಟುಗಳೇ ಮಕ್ಕಳನ್ನು ಅಳಿಸುವುದು. ಈವರೆಗೆ ಹೇಳಿದ್ದು ಯಂತ್ರಗಳ ವಿಷಯ; ಯಂತ್ರದ ಮುಂದೆ ಕುಳಿತವರ ವಿಷಯ ಇನ್ನು ಮೇಲೆ.

ಮೌಸಿನಿಂದ ಪಟ್ಟಿ ತೆರೆದು ಗಣಕವನ್ನು ಮುಚ್ಚಲು ಹೋದಾಗ, ತೆರೆದಿರುವ ತಂತ್ರಾಂಶವು ಈ ಕಡತವನ್ನು ಉಳಿಸಬೇಕೇ ಎಂದು ಕೇಳುತ್ತದೆ. ಅದು ಎದುರಿಗೆ ಕುಳಿತವರಿಗೆ ಹಾಕುವ ಪ್ರಶ್ನೆ. ದೂರದಿಂದ ಬಂದ ಆದೇಶಕ್ಕೆ ಎದುರಿಗೆ ಕುಳಿತವರು ಇದ್ದಾರೆಯೇ ಎಂಬುದೇ ಗೊತ್ತಿರುವುದಿಲ್ಲ. ಲಿನಕ್ಸ್ ಪ್ರತಿಯೊಂದು ತಂತ್ರಾಂಶಕ್ಕೂ ಮುಗಿಸೆಂಬ ಸಂಜ್ಞೆಯನ್ನು ಕಳುಹಿಸುತ್ತದೆ. ನಿಗದಿತ ಅವಧಿಯೊಳಗೆ ಮುಗಿಸದಿದ್ದುದನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಲಿಬ್ರೆ ಆಫೀಸಿನಲ್ಲಿ ಬರೆಯುತ್ತಿದ್ದವರಿಗೆ ಅಷ್ಟೊಂದು ಹಾನಿಯಾಗದಿರಬಹುದು, ಏಕೆಂದರೆ ಅದು ಹತ್ತು ನಿಮಿಷಕ್ಕೊಮ್ಮೆ ಚೇತರಿಕೆಯ ಪ್ರತಿಯೊಂದನ್ನು ತಾನಾಗಿ ತೆಗೆದಿಡುವಂತೆ ಮೊದಲೇ ಹೊಂದಿಸಲ್ಪಟ್ಟಿದೆ. ಜಿಂಪಿನಲ್ಲಿ ಅಂಥ ಏರ್ಪಾಡಿಲ್ಲ. ಒಂದು ಗಂಟೆ ಕುಳಿತು ಯಕ್ಷಗಾನದ ಕಿರೀಟಕ್ಕೆ ಬಣ್ಣ ತುಂಬಿದ ಎಂಟನೆಯ ತರಗತಿಯ ಹುಡುಗಿಯ ಚಿತ್ರ, ಅವಳು ಉಳಿಸಿರದಿದ್ದರೆ, ಸಂಪೂರ್ಣ ಹೋಗುತ್ತದೆ. ಟೀಚರೇ, ಸೇವ್ ಮಾಡಲಿಲ್ಲ ಎಂದು ಅವಳು ಹೇಳುವ ಹೊತ್ತಿಗೆ ಪರದೆ ಕಪ್ಪಾಗಿರುತ್ತದೆ.

ಎಚ್ಚರಿಕೆ ಕೊಟ್ಟು, ಸಮಯ ಕೊಟ್ಟು, ಆಮೇಲೆ ನಿಲ್ಲಿಸಬೇಕೆಂಬುದು ಇದರಿಂದ ಸಹಜವಾಗಿಯೇ ಹೊರಡುವ ತೀರ್ಮಾನ. ಎರಡೂ ವ್ಯವಸ್ಥೆಗಳು ಇದಕ್ಕೆ ಅವಕಾಶ ಕೊಡುತ್ತವೆ. ಲಿನಕ್ಸಿನ ಶಟ್‌ಡೌನ್ ಆದೇಶಕ್ಕೆ ನಿಮಿಷಗಳ ಸಂಖ್ಯೆಯನ್ನೂ ಒಂದು ಸಂದೇಶವನ್ನೂ ಜೋಡಿಸಬಹುದು. ಸಮಯವನ್ನೇ ಹೇಳದಿದ್ದರೆ ಈಗಿನ ಉಬುಂಟುವಿನಲ್ಲಿ ಒಂದು ನಿಮಿಷವೆಂದು ಅರ್ಥ. ಹೀಗೆ ಗೊತ್ತುಪಡಿಸಿದ ಸ್ಥಗಿತವನ್ನು ನಡುವೆ ರದ್ದುಮಾಡಲೂ ಬರುತ್ತದೆ: ಅದೇ ಆದೇಶಕ್ಕೆ ಅಡ್ಡಗೆರೆ ಮತ್ತು ಸಿ ಅಕ್ಷರ. ಕೊನೆಯ ಐದು ನಿಮಿಷಗಳಲ್ಲಿ ಹೊಸಬರು ಯಾರೂ ಒಳಬರದಂತೆ ವ್ಯವಸ್ಥೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ವಿಂಡೋಸ್ ಇರುವ ಪ್ರಯೋಗಾಲಯಗಳಲ್ಲಿಯೂ ಆದೇಶದ ಹೆಸರು ಶಟ್‌ಡೌನೇ. ಅಲ್ಲಿ ಓರೆಗೆರೆಯೊಂದಿಗೆ ಎಮ್ ಅಕ್ಷರವನ್ನು ಬರೆದು ಗಣಕದ ಹೆಸರನ್ನು, ಟಿ ಅಕ್ಷರವನ್ನು ಬರೆದು ಸೆಕೆಂಡುಗಳನ್ನು, ಸಿ ಅಕ್ಷರವನ್ನು ಬರೆದು ಸಂದೇಶವನ್ನು ಕೊಡಬೇಕು. ಸಂದೇಶ 512 ಅಕ್ಷರಗಳನ್ನು ಮೀರುವಂತಿಲ್ಲ. ರದ್ದುಮಾಡಲು ಎ ಅಕ್ಷರ. ಲಿನಕ್ಸಿನಲ್ಲಿ ಸಿ ಎಂದರೆ ರದ್ದು, ವಿಂಡೋಸಿನಲ್ಲಿ ಸಿ ಎಂದರೆ ಸಂದೇಶ. ಎರಡನ್ನೂ ಬಳಸುವವರು ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು.

ವಿಂಡೋಸಿನ ಈ ಟಿ ಅಕ್ಷರದ ಹಿಂದೆ ಒಂದು ಸೂಕ್ಷ್ಮವಿದೆ. ಬಹಳ ಮಂದಿ ಗಮನಿಸಿರುವುದಿಲ್ಲ. ತೆರೆದಿರುವ ತಂತ್ರಾಂಶಗಳನ್ನು ಕೇಳದೆ ಬಲವಂತವಾಗಿ ಮುಚ್ಚಬೇಕೆಂದು ಹೇಳುವ ಬೇರೆಯದೇ ಅಕ್ಷರ ಅಲ್ಲಿದೆ, ಎಫ್. ಅದನ್ನು ಬರೆಯದಿದ್ದರೆ ಬಲವಂತವಿಲ್ಲವೆಂದೇ ಯಾರಾದರೂ ಊಹಿಸುತ್ತಾರೆ. ಆದರೆ ಮೈಕ್ರೋಸಾಫ್ಟಿನ ಕೈಪಿಡಿಯ ಪ್ರಕಾರ, ಕಾಯುವ ಅವಧಿ ಸೊನ್ನೆಗಿಂತ ಹೆಚ್ಚಾಗಿದ್ದರೆ ಬಲವಂತವೂ ಅದರಲ್ಲಿ ಅಡಕವಾಗಿದೆ. ಅವಧಿಯನ್ನು ಹೇಳದೆ ಬಿಟ್ಟರೆ 30 ಸೆಕೆಂಡು ಎಂದು ವ್ಯವಸ್ಥೆ ತಾನೇ ತೆಗೆದುಕೊಳ್ಳುತ್ತದೆ. ಮಕ್ಕಳ ಮೇಲಿನ ಕನಿಕರದಿಂದ ಐದು ನಿಮಿಷ ಕೊಟ್ಟ ಅಧ್ಯಾಪಕರು, ತಮಗೆ ಅರಿವಿಲ್ಲದೆಯೇ, ಐದನೆಯ ನಿಮಿಷದ ಕೊನೆಗೆ ಉಳಿಸದುದನ್ನೆಲ್ಲ ಒರಸಿಹಾಕುವ ಅಪ್ಪಣೆಯನ್ನೂ ಕೊಟ್ಟಿರುತ್ತಾರೆ. ಕೊಟ್ಟ ಸಮಯ ಉಪಯೋಗಕ್ಕೆ ಬರುವುದು ಆ ಸಮಯದಲ್ಲಿ ಮಗು ಎಚ್ಚರಿಕೆಯನ್ನು ಓದಿ ಅರ್ಥಮಾಡಿಕೊಂಡರೆ ಮಾತ್ರ.

ಕನ್ನಡ ಮಾಧ್ಯಮದ ಅಧ್ಯಾಪಕರು ನಿಂತು ಯೋಚಿಸಬೇಕಾದ ತಾಣವಿದು. ಐದನೆಯ ತರಗತಿಯ ಮಗುವಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಮೂಡುತ್ತದೆ. ಮಗು ಏನು ಮಾಡುತ್ತದೆ? ಇಂಗ್ಲಿಷಿನ ಪೆಟ್ಟಿಗೆ ಬಂದಾಗಲೆಲ್ಲ ಮಾಡುವುದನ್ನೇ ಮಾಡುತ್ತದೆ. ಸರಿ ಎಂಬ ಗುಂಡಿಯನ್ನು ಒತ್ತಿ, ಆ ಅಡ್ಡಿಯನ್ನು ಕಣ್ಣಿನಿಂದ ದೂರಮಾಡಿ, ಚಿತ್ರ ಬರೆಯುವುದನ್ನು ಮುಂದುವರಿಸುತ್ತದೆ. ಮಕ್ಕಳು ಕಲಿತಿರುವುದು ಪೆಟ್ಟಿಗೆಗಳನ್ನು ಓದುವುದನ್ನಲ್ಲ, ಮುಚ್ಚುವುದನ್ನು. ಎಚ್ಚರಿಕೆ ಕೊಟ್ಟೆವೆಂಬ ಸಮಾಧಾನ ಅಧ್ಯಾಪಕರಿಗೆ ಉಳಿಯುತ್ತದೆ. ಮಗುವಿಗೆ ಏನೂ ಉಳಿಯುವುದಿಲ್ಲ. ಇದಕ್ಕೆ ಯಾವ ತಂತ್ರಾಂಶವನ್ನೂ ದೂರಬೇಕಾಗಿಲ್ಲ. ಸಂದೇಶವನ್ನು ಬರೆಯುವ ಜಾಗ ಖಾಲಿಯಿದೆ, ಅದರಲ್ಲಿ ಕನ್ನಡವನ್ನು ಬರೆಯಬೇಕು. ಅದೂ ಎಂಥ ಕನ್ನಡ? ಈ ಉಪನ್ಯಾಸದಲ್ಲಿ ಸ್ಥಗಿತಗೊಳಿಸುವುದು ಎಂಬ ಮಾತು ಅನೇಕ ಬಾರಿ ಬಂದಿದೆ. ಮಗುವಿನ ಪರದೆಗೆ ಆ ಮಾತು ಹೊಂದುವುದಿಲ್ಲ. ಈ ಕಂಪ್ಯೂಟರ್ ಹತ್ತು ನಿಮಿಷದಲ್ಲಿ ಆಫ್ ಆಗುತ್ತದೆ, ಈಗಲೇ ಸೇವ್ ಮಾಡು ಎಂದರೆ ಸಾಕು. ಹತ್ತಿರದಲ್ಲಿ ಮಲಯಾಳ ಮಾಧ್ಯಮದ ಮಕ್ಕಳೂ ಅದೇ ಪ್ರಯೋಗಾಲಯವನ್ನು ಬಳಸುವ ಶಾಲೆಯಾದರೆ ಮಲಯಾಳದ ಒಂದು ಸಾಲನ್ನೂ ಕೆಳಗೆ ಸೇರಿಸಬೇಕು. 512 ಅಕ್ಷರಗಳಲ್ಲಿ ಇಬ್ಬರಿಗೂ ಜಾಗವುಂಟು.

ಬರೆದರೆ ಸಾಲದು, ಅದು ಕಾಣುತ್ತದೆಯೇ ಎಂದು ಒಂದು ಗಣಕದಲ್ಲಿ ಪರೀಕ್ಷಿಸಿ ನೋಡಬೇಕು. ಲಿನಕ್ಸಿನ ಶಟ್‌ಡೌನ್ ಆದೇಶವು ಸಂದೇಶವನ್ನು ಟರ್ಮಿನಲ್ ಕಿಟಕಿಗಳಿಗೆ ಕಳುಹಿಸುತ್ತದೆ. ಅದು ಎಲ್ಲರೂ ಟರ್ಮಿನಲ್ಲಿನಲ್ಲಿಯೇ ಕೆಲಸ ಮಾಡುತ್ತಿದ್ದ ಕಾಲದ ಪದ್ಧತಿ. ಚಿತ್ರ ಬರೆಯುತ್ತಿರುವ ಮಗುವಿನ ಪರದೆಯಲ್ಲಿ ಟರ್ಮಿನಲ್ ತೆರೆದಿರುವುದಿಲ್ಲವಾದ್ದರಿಂದ ಸಂದೇಶ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಪರದೆಯ ನಡುವೆ ಪೆಟ್ಟಿಗೆಯಾಗಿ ಮೂಡಬೇಕಾದರೆ ಜೆನಿಟಿ ಎಂಬ ಚಿಕ್ಕ ಉಪಕರಣವನ್ನು ಆ ಮಗು ಪ್ರವೇಶಿಸಿರುವ ಖಾತೆಯ ಹೆಸರಿನಲ್ಲಿಯೇ, ಆ ಪರದೆಗೇ, ಓಡಿಸಬೇಕು. ಸ್ಕ್ರಿಪ್ಟಿನಲ್ಲಿ ಅತ್ಯಂತ ಹೆಚ್ಚು ತಲೆನೋವು ಕೊಡುವ ಸಾಲು ಇದೇ. ಬಹಳ ಮಂದಿ ಇದನ್ನು ಬಿಟ್ಟುಬಿಡುವುದೂ ಅದಕ್ಕಾಗಿಯೇ. ವಿಂಡೋಸಿನ ಬ್ಯಾಚ್ ಕಡತದಲ್ಲಿ ಕನ್ನಡ ಬರೆದಾಗ ಕಡತವನ್ನು ಯು.ಟಿ.ಎಫ್.8 ರೂಪದಲ್ಲಿ ಉಳಿಸಿ, ಆದೇಶಕಿಟಕಿಯ ಸಂಕೇತಪುಟವನ್ನು 65001ಕ್ಕೆ ಬದಲಾಯಿಸದಿದ್ದರೆ, ಕನ್ನಡದ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಸಾಲುಗಟ್ಟಿಯಾವು.

ಇನ್ನು ಅಧಿಕಾರದ ಪ್ರಶ್ನೆ. ಒಂದು ಗಣಕವನ್ನು ದೂರದಿಂದ ನಿಲ್ಲಿಸಲು ಆ ಗಣಕದಲ್ಲಿ ಆಡಳಿತಾಧಿಕಾರವಿರಬೇಕು. ಪ್ರಯೋಗಾಲಯದ ಯಂತ್ರಗಳೆಲ್ಲವನ್ನೂ ಸಾಮಾನ್ಯವಾಗಿ ಒಂದೇ ದಿನ, ಒಂದೇ ಪ್ರತಿಯಿಂದ ಸಿದ್ಧಪಡಿಸಿರುತ್ತಾರೆ. ಆಗ ಎಲ್ಲದಕ್ಕೂ ಒಂದೇ ಬಳಕೆದಾರ ಹೆಸರು, ಒಂದೇ ಗುಪ್ತಪದ; ಅದು ಶಾಲೆಯ ಹೆಸರೇ ಆಗಿದ್ದರೂ ಆಶ್ಚರ್ಯವಿಲ್ಲ. ಎಲ್ಲರಿಗೂ ತಿಳಿದಿರುವ ಗುಪ್ತಪದವಿರುವ ಪ್ರಯೋಗಾಲಯದಲ್ಲಿ ಅಧ್ಯಾಪಕರು ಹದಿನೈದು ಗಣಕಗಳನ್ನು ನಿಲ್ಲಿಸಬಲ್ಲರಾದರೆ, ಮೂರನೆಯ ಬೆಂಚಿನ ಹುಡುಗನೂ ನಿಲ್ಲಿಸಬಲ್ಲ. ಎಸ್.ಎಸ್.ಎಲ್.ಸಿ.ಯ ಐ.ಟಿ. ಪರೀಕ್ಷೆ ಗಣಕದ ಮುಂದೆಯೇ ನಡೆಯುವಂಥದು. ಆ ದಿನ ಪಕ್ಕದವನ ಯಂತ್ರ ಏಕಾಏಕಿ ಕಪ್ಪಾದರೆ ಅದನ್ನು ತಮಾಷೆ ಎನ್ನಲಾಗುವುದಿಲ್ಲ. ಅನುಮತಿಯಿಲ್ಲದೆ ಪರರ ಗಣಕದ ಕೆಲಸಕ್ಕೆ ಭಂಗ ತರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ದುರುದ್ದೇಶದಿಂದ ಮಾಡಿದರೆ 66ನೆಯ ಕಲಮಿನ ಪ್ರಕಾರ ಅದು ಅಪರಾಧ. ಮಕ್ಕಳ ಮುಂದೆ ಕಾಯಿದೆಯ ಪುಸ್ತಕವನ್ನು ಬೀಸುವುದಕ್ಕಿಂತ ಬೀಗವನ್ನು ಸರಿಪಡಿಸುವುದು ಅಧ್ಯಾಪಕರಿಗೆ ಒಪ್ಪುವ ದಾರಿ.

ಬೀಗವನ್ನು ಸರಿಪಡಿಸುವುದು ಹೇಗೆ? ಸ್ಕ್ರಿಪ್ಟಿನ ಒಳಗೆ ಗುಪ್ತಪದವನ್ನು ಬರೆದಿಡುವ ಅಭ್ಯಾಸ ಮೊದಲು ಹೋಗಬೇಕು. ಸ್ಕ್ರಿಪ್ಟ್ ಬರಿಯ ಪಠ್ಯ, ತೆರೆದವರೆಲ್ಲ ಓದುತ್ತಾರೆ. ಎಸ್.ಎಸ್.ಎಚ್.ನಲ್ಲಿ ಗುಪ್ತಪದಕ್ಕೆ ಬದಲಾಗಿ ಜೋಡಿಕೀಲಿಗಳ ವ್ಯವಸ್ಥೆಯುಂಟು. ಒಂದು ಕೀಲಿ ಅಧ್ಯಾಪಕರ ಬಳಿ ಗುಟ್ಟಾಗಿ ಉಳಿಯುತ್ತದೆ. ಅದರ ಜೊತೆಯದನ್ನು ಪ್ರತಿಯೊಂದು ಗಣಕದಲ್ಲಿಯೂ ಇಡಲಾಗುತ್ತದೆ. ಈ ಕೀಲಿಯಿಂದ ಬಂದವರು ಸ್ಥಗಿತಗೊಳಿಸುವ ಆದೇಶವೊಂದನ್ನುಳಿದು ಬೇರೇನನ್ನೂ ಮಾಡುವಂತಿಲ್ಲ ಎಂದು ಗಣಕದಲ್ಲಿಯೇ ಬರೆದಿಡಲೂ ಬರುತ್ತದೆ. ಹಾಗೆ ಮಾಡಿದ ಮೇಲೆ ಕೀಲಿ ಕಳೆದುಹೋದರೂ ಕಳ್ಳನಿಗೆ ಸಿಗುವುದು ಗಣಕವನ್ನು ಆಫ್ ಮಾಡುವ ಅಧಿಕಾರವಷ್ಟೇ. ಮೊದಲ ಬಾರಿ ಸಂಪರ್ಕಿಸುವಾಗ ಎಸ್.ಎಸ್.ಎಚ್. ಪ್ರತಿಯೊಂದು ಗಣಕದ ಗುರುತನ್ನು ಒಪ್ಪಬಹುದೇ ಎಂದು ಕೇಳುತ್ತದೆ. ಆದುದರಿಂದ ಸ್ಕ್ರಿಪ್ಟನ್ನು ಓಡಿಸುವ ಮೊದಲು ಎಲ್ಲ ಹದಿನೈದಕ್ಕೂ ಒಮ್ಮೆ ಕೈಯಾರೆ ಸಂಪರ್ಕಿಸಿ ಒಪ್ಪಿಗೆ ಕೊಟ್ಟಿರಬೇಕು. ಮುಂದೆ ಯಾವುದಾದರೂ ಗಣಕಕ್ಕೆ ಲಿನಕ್ಸನ್ನು ಹೊಸದಾಗಿ ಹಾಕಿದರೆ ಗುರುತು ಬದಲಾಗಿ, ಎಸ್.ಎಸ್.ಎಚ್. ಸಂಪರ್ಕವನ್ನು ನಿರಾಕರಿಸುತ್ತದೆ, ಆಗ ಹಳೆಯ ಗುರುತನ್ನು ಅಳಿಸಿ ಮತ್ತೆ ಒಪ್ಪಬೇಕು. ವಿಂಡೋಸಿನಲ್ಲಿ ಡೊಮೇನ್ ಇಲ್ಲದ ಸಣ್ಣ ಜಾಲಗಳಲ್ಲಿ, ಆಡಳಿತ ಖಾತೆಯಿದ್ದರೂ, ಪ್ರವೇಶ ನಿರಾಕರಿಸಲಾಗಿದೆ ಎಂಬ ಐದನೆಯ ಸಂಖ್ಯೆಯ ದೋಷ ಬರುವುದುಂಟು. ದೂರದಿಂದ ಬಂದ ಸ್ಥಳೀಯ ಆಡಳಿತ ಖಾತೆಗಳ ಅಧಿಕಾರವನ್ನು ವಿಸ್ಟಾದ ಕಾಲದಿಂದ ಆ ವ್ಯವಸ್ಥೆ ಮೊಟಕುಗೊಳಿಸಿರುವುದು ಇದರ ಕಾರಣ. ಅದನ್ನು ಸಡಿಲಿಸುವ ಉಪಾಯಗಳಿವೆ, ಆದರೆ ಅವು ಜಾಲದ ಭದ್ರತೆಯನ್ನೂ ಸಡಿಲಿಸುತ್ತವೆ. ತಿಳಿದವರನ್ನು ಕೇಳದೆ ಕೈಹಾಕಬಾರದು.

ಸಂಜೆಯ ಅನುಕೂಲಕ್ಕಿಂತ ಈ ಸ್ಕ್ರಿಪ್ಟಿನ ನಿಜವಾದ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಪಶ್ಚಿಮದ ಕಡಲಿನಿಂದ ಮೋಡ ಕವಿದು, ಎರಡು ಸಿಡಿಲು ಬಡಿದರೆ ಕರೆಂಟು ಹೋಗುವುದು ಈ ನಾಡಿನವರಿಗೆ ಹೊಸತಲ್ಲ. ಯು.ಪಿ.ಎಸ್.ನ ಬ್ಯಾಟರಿ ಹಳೆಯದಾದಷ್ಟೂ ಅದು ಕೊಡುವ ನಿಮಿಷಗಳು ಕಡಿಮೆಯಾಗುತ್ತವೆ. ತರಗತಿಯಲ್ಲಿ ಗದ್ದಲ, ಕತ್ತಲೆ, ಯು.ಪಿ.ಎಸ್.ನ ಚೀರಾಟ; ಇದರ ನಡುವೆ ಹದಿನೈದು ಯಂತ್ರಗಳನ್ನು ಒಂದೊಂದಾಗಿ ಮುಚ್ಚುವಷ್ಟು ಹೊತ್ತು ಬ್ಯಾಟರಿ ನಿಲ್ಲದೆ ಹೋದೀತು. ಇಂಥ ಹೊತ್ತಿಗಾಗಿ ಎರಡು ನಿಮಿಷದ ಎಚ್ಚರಿಕೆಯಿರುವ ಇನ್ನೊಂದು ಪ್ರತಿಯನ್ನು ಸಿದ್ಧವಾಗಿಟ್ಟಿರಬೇಕು. ಅದನ್ನು ಓಡಿಸುತ್ತಲೇ ಅಧ್ಯಾಪಕರು ಎದ್ದುನಿಂತು ಎಲ್ಲರೂ ಸೇವ್ ಮಾಡಿ ಎಂದು ಗಟ್ಟಿಯಾಗಿ ಕೂಗಬೇಕು. ಈ ಕೂಗಿಗೆ ಸಮನಾದ ತಂತ್ರಾಂಶ ಇನ್ನೂ ಬಂದಿಲ್ಲ. ಆದರೆ ಬಹಳ ಶಾಲೆಗಳಲ್ಲಿ ಒಂದು ಲೋಪವಿರುತ್ತದೆ. ಗಣಕಗಳಿಗೆಲ್ಲ ಯು.ಪಿ.ಎಸ್. ಇದ್ದು, ಅವುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚನ್ನು ಮಾತ್ರ ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಚುಚ್ಚಿರುತ್ತಾರೆ. ಕರೆಂಟು ಹೋದೊಡನೆ ಸ್ವಿಚ್ಚು ನಂದುತ್ತದೆ, ಜಾಲ ಕಡಿಯುತ್ತದೆ, ಆದೇಶ ಯಾವ ಗಣಕವನ್ನೂ ಮುಟ್ಟುವುದಿಲ್ಲ. ಶಾಲೆಗೆ ಮರಳಿದ ದಿನ ಆ ಪುಟ್ಟ ಪೆಟ್ಟಿಗೆಯ ತಂತಿ ಎಲ್ಲಿಗೆ ಹೋಗುತ್ತದೆಂದು ನೋಡಿ, ಯು.ಪಿ.ಎಸ್.ಗೆ ಬದಲಾಯಿಸುವ ಕೆಲಸಕ್ಕೆ ಐದು ನಿಮಿಷವೂ ಬೇಡ.

ಸ್ಕ್ರಿಪ್ಟ್ ಬರೆಯುವ ತೊಂದರೆಯೇ ಬೇಡವೆನ್ನುವವರಿಗೆ ವೆಯಾನ್, ಎಪೊಪ್ಟಿಸ್ ಮೊದಲಾದ ಸಿದ್ಧ ಸ್ವತಂತ್ರ ತಂತ್ರಾಂಶಗಳಿವೆ. ಹಳೆಯ ಐಟಾಲ್ಕ್ ಎಂಬುದರ ಮುಂದುವರಿಕೆ ವೆಯಾನ್. ಗ್ರೀಕ್ ಭಾಷೆಯಲ್ಲಿ ಮೇಲ್ವಿಚಾರಕ ಎಂಬರ್ಥದ ಹೆಸರಿನದು ಎಪೊಪ್ಟಿಸ್. ಮಕ್ಕಳ ಪರದೆಗಳನ್ನು ಒಟ್ಟಾಗಿ ನೋಡುವುದರಿಂದ ಹಿಡಿದು ಎಲ್ಲವನ್ನೂ ಒಂದೇ ಗುಂಡಿಯಿಂದ ನಿಲ್ಲಿಸುವವರೆಗೆ ಅವು ಮಾಡುತ್ತವೆ. ಅನುಕೂಲವೇನೋ ಹೌದು. ಆದರೂ ಸ್ವಂತ ಸ್ಕ್ರಿಪ್ಟಿಗೆ ತರಗತಿಯಲ್ಲಿ ಬೇರೆಯದೇ ಪ್ರಯೋಜನವಿದೆ. ಲಿಟಲ್ ಕೈಟ್ಸ್ ಘಟಕದ ಮಕ್ಕಳ ಮುಂದೆ ಅದನ್ನು ಸಾಲುಸಾಲಾಗಿ ಓದಿ, ಪ್ರತಿ ಸಾಲಿನ ಪಕ್ಕದಲ್ಲಿ ಕನ್ನಡದ ಒಂದು ವಾಕ್ಯವನ್ನು ಅವರಿಂದಲೇ ಬರೆಯಿಸಬಹುದು. ಚೌಕಚಿಹ್ನೆಯಿಂದ ಆರಂಭವಾಗುವ ಸಾಲನ್ನು ಲಿನಕ್ಸಿನ ಶೆಲ್ ಆದೇಶವೆಂದು ಎಣಿಸುವುದಿಲ್ಲವಾದ್ದರಿಂದ, ಕನ್ನಡದ ಟಿಪ್ಪಣಿ ಸ್ಕ್ರಿಪ್ಟಿನ ಒಳಗೇ ಕುಳಿತುಕೊಳ್ಳುತ್ತದೆ. ಪಟ್ಟಿಯ ಪ್ರತಿಯೊಂದು ಹೆಸರನ್ನೂ ಕರೆ. ಉತ್ತರಿಸದವರ ಹೆಸರನ್ನು ಬರೆದಿಡು. ಉತ್ತರಿಸಿದವರಿಗೆ ಹತ್ತು ನಿಮಿಷ ಕೊಡು. ಆದೇಶಗಳು ಇಂಗ್ಲಿಷಿನವೇ ಆಗಿರಲಿ, ಅವುಗಳ ಹಿಂದಿನ ವಿಚಾರವನ್ನು ಕನ್ನಡದಲ್ಲಿ ಸಂಪೂರ್ಣವಾಗಿ ಹೇಳಲು ಬರುತ್ತದೆ ಎಂಬುದು ಮಕ್ಕಳಿಗೆ ಕಣ್ಣೆದುರೇ ತಿಳಿಯುತ್ತದೆ. ಪಾಠದ ದಿನ ಆದೇಶದ ಜಾಗದಲ್ಲಿ ಹೆಸರನ್ನು ಪರದೆಯ ಮೇಲೆ ಮುದ್ರಿಸುವ ಸಾಲನ್ನಷ್ಟೇ ಇರಿಸುವುದು ಕ್ಷೇಮ. ಯಾವ ಗಣಕಗಳು ನಿಲ್ಲಲಿದ್ದುವು ಎಂಬುದು ಕಾಣುತ್ತದೆ, ಯಾವುದೂ ನಿಲ್ಲುವುದಿಲ್ಲ. ಹೊಸ ಪಟ್ಟಿಯನ್ನು ಬರೆದಾಗಲೆಲ್ಲ ಅಧ್ಯಾಪಕರೂ ಮೊದಲು ಹೀಗೆಯೇ ಓಡಿಸಿ ನೋಡಬೇಕು.

ಸಂಜೆ ಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿದ ಮೇಲೆ ಗೈರುಹಾಜರಿಯ ಪಟ್ಟಿಯಲ್ಲಿ ಒಂದೆರಡು ಹೆಸರುಗಳು ಉಳಿದಿರುತ್ತವೆ. ಅವು ಮೊದಲೇ ನಿಂತಿರುವ ಗಣಕಗಳಾಗಿರಬಹುದು, ತಂತಿ ಕಳಚಿ ಇನ್ನೂ ಉರಿಯುತ್ತಿರುವುವೂ ಆಗಿರಬಹುದು; ಅಧ್ಯಾಪಕರ ಆಸನದಿಂದ ಎರಡಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ. ಎದ್ದುಹೋಗಿ ನೋಡಬೇಕು. ಪಿಂಗಿಗೆ ಉತ್ತರ ನಿಂತಿತೆಂದ ಮಾತ್ರಕ್ಕೆ ಗಣಕ ನಿಂತಿತೆಂದೂ ಅಲ್ಲ. ಜಾಲವನ್ನು ಬಿಟ್ಟ ಮೇಲೆಯೂ ಅದು ಡಿಸ್ಕಿಗೆ ಬರೆಯುತ್ತಿರಬಹುದು. ಹಟಮಾರಿ ತಂತ್ರಾಂಶವೊಂದಕ್ಕಾಗಿ ಉಬುಂಟು 90 ಸೆಕೆಂಡುಗಳವರೆಗೂ ಕಾಯುವುದುಂಟು. ಪೆಟ್ಟಿಗೆಗಳ ಮೇಲಿನ ಚಿಕ್ಕ ದೀಪಗಳು ನಂದಿರುವುದನ್ನು ಕಣ್ಣಾರೆ ಕಂಡ ನಂತರ ಪರದೆಗಳನ್ನು, ಯು.ಪಿ.ಎಸ್.ಗಳನ್ನು ಆಫ್ ಮಾಡಿ, ಗೋಡೆಯ ಮುಖ್ಯ ಸ್ವಿಚ್ಚಿಗೆ ಕೊನೆಯಲ್ಲಿ ಕೈಯಿಡಬೇಕು.